ಅಂಜಿನಮ್ಮನ ಇಂಟರ್‌ವ್ಯೂಗೆ ನಾನು ಹೂಂಗುಟ್ಟಿದ್ದು

ಇವತ್ತು ಬೆಳಿಗ್ಗೆ ನಲ್ಲಿ ತಿರುಗ್ಸಿದ್ರೆ ನೀರಿನ ಜೊತೆಗೆ ಬ್ಲೀಚಿಂಗ್ ಪೌಡ್ರಿನ ವಾಸ್ನೆ ಗಮ್ಮಂತ ಮೂಗಿಗೆ ಹೊಡೀತು. ಪಕ್ಕದ್ಮನೆ ಪ್ರೇಮ "ಥೂ, ಆಸ್ಪತ್ರೆ ನಾತ" ಅಂತ ಸೆರಗು ಮೂಗಿಗೆ ಹಿಡ್ಕಂಡ್ಲು. ನಾನು ಬಿಂದ್ಗೆ ಮೇಲೆ ಬಗ್ಗಿ ಇನ್ನೊಂದ್ಸಲ ಎಳ್ಕಂಡೆ. "ಏನಜ್ಜಿ, ಮಲ್ಲಿಗೆ ಮೂಸ್ದಂಗೆ ಮೂಸ್ತೀಯಲ್ಲ" ಅಂದ್ಲು. ಅವ್ಳಿಗೇನು ಗೊತ್ತು. ಹೋದ ವರ್ಷದ ಬೇಸ್ಗೆ ಪೂರ್ತಿ ನಂಗೆ ಆ ವಾಸ್ನೆ ಒಳಗೇ ಐತೆ.

ಇದನ್ನ ನಾನೇ ಫೋನಲ್ಲಿ ಒತ್ತಿ ಒತ್ತಿ ಬರೀತಾ ಇದೀನಿ, ಒಂದೇ ಬೆರಳಲ್ಲಿ. ಒಂದಕ್ಷರ ಒತ್ತೋದ್ರೊಳ್ಗೆ ಮುಂದಿನ ಮಾತು ಇದಾ, ಅದಾ ಅಂತ ಈ ಫೋನು ತಾನೇ ಎತ್ಕೊಡಕ್ಕೆ ಬತ್ತದೆ. ನಮ್ಮ ಯಜಮಾನ್ರೂ ಹಿಂಗೇ ಇದ್ರು, ನನ್ನ ಒಂದು ಮಾತೂ ಪೂರ್ತಿ ಮಾಡಕ್ಕೆ ಬುಟ್ಟೋರಲ್ಲ. ಅವ್ರ್ನೇ ಸಂಭಾಳ್ಸಿದೋಳಿಗೆ ಇದ್ಯಾವ ಲೆಕ್ಕ, ಬುಡು.

ನಾನಿರೋದು ಮಧುಗಿರೀಲಿ, ಬೆಟ್ಟದ ಬುಡದಾಗೆ. ಮಗ ಸೊಸೆ ಸಿರಾದಲ್ಲವ್ರೆ. ಮೊಮ್ಮಗಳು ಸಿಂಚನ ಮಾತ್ರ ನನ್ನ ಹತ್ರ ಇದ್ಕಂಡು ಇಲ್ಲೇ ಬಿ.ಎ. ಓದ್ತಾಳೆ. ಅದ್ರಲ್ಲಿ ಪತ್ರಿಕೋದ್ಯಮ ಅಂತ ಒಂದು ಸಬ್ಜೆಕ್ಟು. ಹೋದ ವರ್ಷ ಪರೀಕ್ಷೆಗೆ ಮುಂಚೆ ಅವ್ರ ಮೇಡಂ ಒಂದು ಕೆಲ್ಸ ಕೊಟ್ಟಿದ್ರು. ಒಬ್ರನ್ನ ಕೂರ್ಸಿ, ಟಿವಿ ನ್ಯೂಸಲ್ಲಿ ಕೇಳ್ತಾರಲ್ಲ ಅಂಗೆ ಪ್ರಶ್ನೆ ಕೇಳಿ, ಫೋನಲ್ಲೇ ಶೂಟಿಂಗ್ ಮಾಡಿ, ಬೇಡದ್ದನ್ನ ಕತ್ತರ್ಸಿ ಎಸ್ದು, ಬೇಕಾದ್ದನ್ನ ಅಂಟ್ಸಿ, ಐದು ನಿಮಿಷಕ್ಕೆ ತಂದು ಕೊಡ್ಬೇಕು. ಸುದ್ದಿ ಇರ್ಬೇಕು. ಜಾಹೀರಾತು ಥರ ಇರ್ಬಾರ್ದು.

ಸಿಂಚನ ಮೊದ್ಲು ಗೊರವನಹಳ್ಳಿಗೆ ಹೋಗಿದ್ಲು, ದೇವಸ್ಥಾನಕ್ಕೆ ಬಂದ ಭಕ್ತರನ್ನ ಮಾತಾಡ್ಸಾನ ಅಂತ. ಹೋಗಿ ನೋಡಿದ್ರೆ ಅವ್ಳ ಕ್ಲಾಸಿಗೆ ಕ್ಲಾಸೇ ಅದೇ ಬಸ್ಸಲ್ಲಿ ಇಳಿದೈತೆ. ಒಬ್ಬೊಬ್ಬ ಭಕ್ತರಿಗೆ ನಾಲ್ಕು ನಾಲ್ಕು ಫೋನು. ಯಾರೋ ಯಜಮಾನ್ರು "ಏನ್ರಪ್ಪಾ, ದರ್ಶನದ ಕ್ಯೂಗಿಂತ ನಿಮ್ಮ ಕ್ಯೂನೇ ಉದ್ದ" ಅಂದ್ರಂತೆ. ಮುಖ ಊದಿಸ್ಕಂಡು ವಾಪಸ್ ಬಂದ್ಲು.

"ಲೇ, ಅಷ್ಟಕ್ಕೆ ಯಾಕೆ ಅಳ್ತೀಯಾ, ನಮ್ಮ ಅಂಜಿನಮ್ಮನ್ನ ಮಾತಾಡ್ಸು" ಅಂದೆ.

ಅಂಜಿನಮ್ಮ ನನ್ನ ತವರೂರಿನೋಳು. ವೈ.ಎನ್.ಹೊಸಕೋಟೆಯಿಂದ ಇನ್ನೂ ಒಳಕ್ಕೆ ಹೋಗ್ಬೇಕು, ಕೂಗಿದ್ರೆ ಆಂಧ್ರಕ್ಕೆ ಕೇಳ್ಸೋ ಅಷ್ಟು ದೂರ. ಅಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಅವ್ಳ ಗಂಡ ಹನುಮಂತರಾಯ ಊರಿನ ನೀರಗಂಟಿ ಆಗಿದ್ದ. ಅಂದ್ರೆ ಟ್ಯಾಂಕಿಗೆ ನೀರು ಏರ್ಸಿ, ಯಾವ ಬೀದಿಗೆ ಯಾವ ಹೊತ್ತು ಅಂತ ವಾಲ್ ತಿರುಗ್ಸಿ ನೀರು ಬುಡೋ ಕೆಲ್ಸ. ಅವ್ನ ಸೊಂಟ ಹಿಡ್ಕಂಡ ಮೇಲೆ ವಾಲ್ ತಿರುಗ್ಸೋ ಕಬ್ಬಿಣದ ರಾಡನ್ನ ಇವ್ಳು ಹೆಗಲಿಗೆ ಹಾಕ್ಕಂಡ್ಲು. ಪಂಚಾಯ್ತಿ ಕಾಗದದಲ್ಲಿ ವಾಟರ್ ಮ್ಯಾನ್ ಅಂಜಿನಮ್ಮ ಅಂತ್ಲೇ ಐತೆ. ಹೆಂಗ್ಸಾದ್ರೇನು, ನೀರು ಬುಟ್ರೆ ಮ್ಯಾನೇ.

ಆ ಬೇಸ್ಗೇಲಿ ಊರಿಂದ ಒಂದು ಸುದ್ದಿ ಬಂದಿತ್ತು. ದಿಬ್ಬದ ಬೀದಿ ತಿಪ್ಪೇಸ್ವಾಮಿ ಅಂಜಿನಮ್ಮನ್ನ ಕೆಲ್ಸದಿಂದ ತೆಗೀಲೇಬೇಕು ಅಂತ ಹಠ ಹಿಡ್ದಿದ್ದ. ಅವ್ನ ಮಗಳ ಮದ್ವೆ ಚಪ್ಪರದ ದಿನ ಇವ್ಳು ದಿಬ್ಬದ ಬೀದಿಗೆ ನೀರು ಬುಡ್ಲಿಲ್ಲ. ತಾನಿರೋ ಸ್ಕೂಲ್ ಬೀದಿಗೆ ಬುಟ್ಕಂಡ್ಲು. ಮನೆ ತುಂಬ ನೆಂಟ್ರು, ನಲ್ಲೀಲಿ ಹನಿ ನೀರಿಲ್ಲ. ಅವನು ತೋಟದ ಬೋರಿಂದ ಟ್ರ್ಯಾಕ್ಟರಲ್ಲಿ ಡ್ರಮ್ಮು ಹೊಡಿಸ್ಕಂಡು ಮಾನ ಉಳಿಸ್ಕಂಡನಂತೆ. ಬರೋ ಸೋಮವಾರ ಊರೋರು, ಪಂಚಾಯ್ತಿ ಮೆಂಬರ್ರು ಸೇರಿ ತೀರ್ಮಾನ ಮಾಡ್ತಾರಂತೆ.

ಫೋನ್ ಮಾಡಿ ಕೇಳ್ದೆ. ಅಂಜಿನಮ್ಮ ಅಂದ್ಲು, "ಬರ್ರಿ ಗಂಗಕ್ಕ. ಸಭೇಲಿ ಅಷ್ಟು ಜನ ಗಂಡಸ್ರು ಕುಂತ್ರೆ ನಂಗೆ ನಾಲ್ಗೆ ಒಣಗೋಯ್ತದೆ. ನಿಮ್ಮ ಹುಡ್ಗಿ ನಾನೇಳದ್ನ ಫೋನಾಗೆ ಹಿಡ್ಕೊಟ್ರೆ ಅದ್ನೇ ಅವ್ರ ಮುಂದಿಟ್ಬುಡ್ತೀನಿ. ಈ ಕೆಲ್ಸ ಹೋದ್ರೂ ಹೋಗ್ಲಿ, ಊರು ನನ್ನ ಮೋಸಗಾತಿ ಅನ್ಬಾರ್ದು."

ಅಲ್ಲಿಗೆ ಹೊರಟ್ವಿ. ನಂಗೆ ತವರಿಗೆ ಹೋಗೋ ಖುಷಿ, ಅವ್ಳಿಗೆ ಪರೀಕ್ಷೆ ಭಯ. ಪಾವಗಡದ ಬಸ್ಸಲ್ಲಿ ಕಿಟಕಿ ಪಕ್ಕ ಕುಂತ್ಕಂಡು ಮೇಡಂ ಹೇಳಿದ್ದನ್ನ ಮಗ್ಗಿ ಥರ ಒಪ್ಪಿಸ್ತಾ ಇದ್ಲು. "ಕ್ಯಾಮೆರಾ ಕಣ್ಣಿನ ಎತ್ತರಕ್ಕಿರ್ಬೇಕು. ಬೆಳಕು ಮುಖದ ಮೇಲೆ ಬೀಳ್ಬೇಕು, ಬೆನ್ನಿಗಲ್ಲ. ಮಾತಾಡೋರು ಕೇಳೋರನ್ನ ನೋಡ್ಬೇಕು, ಕ್ಯಾಮೆರಾ ನೋಡ್ಬಾರ್ದು. ಅವರು ಹೇಳೋದನ್ನ ತೋರ್ಸೋ ಚಿತ್ರನೂ ತಗೋಬೇಕು. ಮಧ್ಯ ಯಾರೂ ಬಾಯಿ ಹಾಕ್ಬಾರ್ದು."

"ಆ ಕೊನೇದು ಮೇಡಂ ಹೇಳಿದ್ದಾ, ನೀನೇ ಸೇರ್ಸಿದ್ದಾ?"

"ಮೇಡಂ ಹೇಳಿದ್ದು. ನಾನು ನಿನ್ನ ಮುಖ ನೋಡ್ಕೊಂಡು ಹೇಳ್ದೆ ಅಷ್ಟೆ."

ಅಂಜಿನಮ್ಮನ ಮನೆ ಜಗಲಿ ಮೇಲೆ ಕಾಲಿಡಕ್ಕೆ ಜಾಗ ಇರ್ಲಿಲ್ಲ. ಒಂದು ಮೂಲೇಲಿ ಬ್ಲೀಚಿಂಗ್ ಪೌಡ್ರಿನ ಮೂಟೆ. ಅದ್ರ ನಾತ ಗೋಡೆಗೂ ಹತ್ತೈತೆ, ಅವ್ಳ ಸೀರೆಗೂ ಹತ್ತೈತೆ. ಉಳ್ದ ಕಡೆ ಬಿತ್ತನೆ ಕಡ್ಲೆಕಾಯಿ ರಾಶಿ. ಮಳೆ ಬೀಳೋಕೆ ಮುಂಚೆ ಸುಲ್ದು ಇಟ್ಕೋಬೇಕಲ್ಲ, ಬೀದಿ ಹೆಂಗಸ್ರೆಲ್ಲ ಕುಂತು ಚಟಾಚಟ ಅಂತ ಸುಲೀತಾವ್ರೆ. ಸಿಂಚನ ಕಡ್ಲೆಬೀಜದಷ್ಟು ಮೈಕನ್ನ ಅಂಜಿನಮ್ಮನ ಸೆರಗಿಗೆ ಸಿಕ್ಕಿಸಿ, ಕಿವಿಗೆ ವೈರು ಹಾಕ್ಕಂಡು ಕೇಳಿ, "ಆಂಟಿ, ಸ್ವಲ್ಪ ಸುಲಿಯೋದು ನಿಲ್ಲಿಸ್ತೀರಾ, ಪಟಾಕಿ ಹೊಡ್ದಂಗೆ ಕೇಳ್ಸುತ್ತೆ" ಅಂದ್ಲು.

"ಸುಲಿಯೋದು ನಿಲ್ಸಿದ್ರೆ ಬಿತ್ತೋದು ನಿಮ್ಮ ಮೇಡಮ್ಮಾ?" ಅಂತ ಓಬಕ್ಕ ಅನ್ನೋಳು ಕೇಳಿದ್ಲು. ಎಲ್ರೂ ನಕ್ರು, ಆದ್ರೂ ಮೊರ ಎತ್ಕಂಡು ಎದುರು ಮನೆಗೆ ಹೋದ್ರು. ಹೋಗ್ತಾ ಓಬಕ್ಕ, "ಚೆಂದಾಗಿ ಹಿಡಿಯಮ್ಮ, ನಮ್ಮ ಅಂಜಿನಿ ಟಿವೀಲಿ ಬಂದ್ರೆ ಸೀರಿಯಲ್ನೋರು ಕೆಲ್ಸ ಬುಡ್ಬೇಕು" ಅಂದು ಹೋದ್ಲು.

ಸಿಂಚನ ಗಂಟ್ಲು ಸರಿ ಮಾಡ್ಕಂಡು ಶುರು ಮಾಡಿದ್ಲು. "ನೀರು ಸರಬರಾಜು ಕ್ಷೇತ್ರದಲ್ಲಿ ತಮ್ಮ ಅನುಭವವನ್ನು ಹಂಚಿಕೊಳ್ಳಿ."

ಅಂಜಿನಮ್ಮ ನನ್ನ ಕಡೆ ನೋಡಿದ್ಲು. "ಏಮಂಟುಂದಿ ಅಕ್ಕ? ಏನಂತಾಳೆ ಈ ಹುಡ್ಗಿ?"

"ನೀರು ಬುಡೋ ಕೆಲ್ಸ ಹೆಂಗೈತೆ ಅಂತ ಕೇಳ್ತಾವ್ಳೆ ಕಣೇ."

"ಅಂಗನ್ನು ಮತ್ತೆ." ಅಂದು ಅಂಜಿನಮ್ಮ ಒಂದು ಮಾತು ಹೇಳಿದ್ಲು, ಎರಡು ಮಾತು ಹೇಳಿದ್ಲು. ಸಿಂಚನ ಬಾಯಿ ಬಿಗಿ ಹಿಡ್ದು ಓತಿಕ್ಯಾತದ ಥರ ತಲೆ ಆಡಿಸ್ತಾ ಇದ್ಲು. ಅಂಜಿನಮ್ಮನ ಮಾತು ನಲ್ಲೀಲಿ ಗಾಳಿ ಬಂದಂಗೆ ಬುಸ್ ಬುಸ್ ಅಂದು ನಿಂತೇಹೋಯ್ತು.

"ಯಾಕಮ್ಮ, ಬೇಜಾರಾಯ್ತಾ? ನಾನೇಳದು ಸರಿ ಇಲ್ವಾ?"

"ಇಲ್ಲ ಆಂಟಿ, ಚೆನ್ನಾಗಿದೆ, ಹೇಳಿ."

"ಮತ್ತೆ ಹೂಂ ಅಂತಾನೇ ಇಲ್ವಲ್ಲ! ಗೋಡೆ ಜೊತೆ ಮಾತಾಡ್ದಂಗಾಯ್ತದೆ."

ನೋಡಿ, ನಮ್ಮ ಕಡೆ ಮಾತು ಅಂದ್ರೆ ಒಬ್ರ ಕೆಲ್ಸ ಅಲ್ಲ. ಒಬ್ರು ಹೇಳ್ಬೇಕು, ಇನ್ನೊಬ್ರು ಹೂಂಗುಟ್ಬೇಕು. ಹೂಂ ಅನ್ನದೋನು ಒಂದೋ ನಿದ್ದೆ ಮಾಡ್ತಾವ್ನೆ, ಇಲ್ಲ ಮುನಿಸ್ಕಂಡವ್ನೆ ಅಂತ ಅರ್ಥ. ನಮ್ಮಜ್ಜಿ ಕಥೆ ಹೇಳೋವಾಗ ಹೂಂಗುಟ್ಟೋ ಪಾಳಿ ನಂದು. ನಾನು ತೂಕಡ್ಸಿ ಹೂಂ ನಿಂತ್ರೆ, ಕಥೇಲಿರೋ ರಾಜನ ಮಗ ಕುದುರೆ ಮೇಲೆ ಅಲ್ಲೇ ನಿಂತ್ಬುಡೋನು. ಎಷ್ಟೋ ರಾತ್ರಿ ಪಾಪ, ಅವ್ನು ಕಾಡಲ್ಲೇ ಬೆಳಗು ಮಾಡವ್ನೆ.

ಅದಕ್ಕೇ ನಾನು ಕ್ಯಾಮೆರಾ ಪಕ್ಕಕ್ಕೆ ಸರ್ಕಂಡೆ. "ನಂಗೆ ಹೇಳೇ ಅಂಜಿನಿ" ಅಂದೆ. ಸಿಂಚನ ಕಣ್ಣು ಬಿಟ್ಲು, ಆದ್ರೆ ಬ್ಯಾಡ ಅನ್ಲಿಲ್ಲ. ಅವ್ಳು ಪ್ರಶ್ನೆ ಕೇಳಿದ್ಲು, ನಾನು ಹೂಂಗುಟ್ದೆ, ಅಂಜಿನಮ್ಮನ ಮಾತು ವಾಲ್ ತಿರುವ್ದಂಗೆ ಹರೀತು.

ಕೊನೆಗೆ ಆ ಪ್ರಶ್ನೆ ಬಂತು. ಚಪ್ಪರದ ದಿನ ನಿಮ್ಮ ಬೀದಿಗೇ ನೀರು ಬಿಟ್ಟಿದ್ದು ನಿಜನಾ ಅಂತ.

"ನಿಜ ಕಣಮ್ಮ, ಬುಟ್ಟೆ. ಅವ್ರ ಮನೇಲಿ ಚಪ್ಪರ ಅಂತ ಗೊತ್ತಿದ್ದೂ ಬುಟ್ಟೆ" ಅಂದ್ಲು. ಆಮೇಲೆ ಯಾಕೆ ಅಂತ ಹೇಳಿದ್ಲು. ಅವತ್ತು ನಸುಕಿಗೆ ದಿಬ್ಬದ ಬೀದಿ ಪೈಪು ಮೋರಿ ಒಳ್ಗೆ ಒಡ್ದಿತ್ತು. ವಾಲ್ ತಿರುಗ್ಸಿದ್ರೆ ಮೋರಿ ನೀರೂ ಅದ್ರಲ್ಲಿ ಬೆರ್ತು ಮದ್ವೆ ಮನೆ ಹಂಡೆಗೆ ಹೋಗೋದು. ಸೊಂಟ ನೋವಲ್ಲೂ ಗಂಡ ಬಂದು, ಇಬ್ರೂ ಮೋರಿಗಿಳ್ದು ಒಡ್ದ ತುಂಡು ತೆಗ್ದು ಬೇರೆ ತುಂಡು ಕೂರ್ಸೋ ಹೊತ್ತಿಗೆ ಸಂಜೆ ಆಯ್ತು. ಅಷ್ಟರಲ್ಲಿ ತಿಪ್ಪೇಸ್ವಾಮಿ ಹತ್ತು ಜನ ಕಟ್ಕಂಡು ಬಂದು ಬೈದ. ಇವ್ಳಿಗೆ ಮಾತೇ ಹೊರಡ್ಲಿಲ್ಲ. "ಮದ್ವೆ ಊಟ ಉಂಡ ಜನ ವಾಂತಿ ಭೇದಿ ಅಂತ ಪಾವಗಡದ ಆಸ್ಪತ್ರೇಲಿ ಮಲಗಿದ್ರೆ ಆಗಿತ್ತಾ ಅಕ್ಕ? ಆ ಹುಡ್ಗಿ ಅರಿಶಿಣ ಹಚ್ಕಂಡು ಕುಂತೈತೆ!" ಅಂದ್ಲು.

ಹೆಮ್ಮೆಯಿಂದ ಮಧುಗಿರಿಗೆ ಬಂದ್ವಿ. ಮಾರ್ನೆ ದಿನ ಸಿಂಚನ ಚಾಪೆ ಮೇಲೆ ಬೋರಲಾಗಿ ಮಲಗಿ ಫೋನಲ್ಲಿ ಎಡಿಟಿಂಗ್ ಶುರು ಮಾಡಿದ್ಲು. ಮಾತು ಅಲ್ಲಿ ಗೆರೆ ಗೆರೆಯಾಗಿ ಕಾಣ್ತದೆ. ಅಂಜಿನಮ್ಮನ ಮಾತು ಸಣ್ಣ ಸಣ್ಣ ಗುಡ್ಡ. ಮಧ್ಯ ಮಧ್ಯ ಒಂದು ದೊಡ್ಡ ಬೆಟ್ಟ.

"ಇದೇನೇ ಇದು?"

"ನಿನ್ನ ಹೂಂ ಅಜ್ಜಿ. ಮೈಕ್ ಅವರ ಹತ್ರ ಇದ್ರೂ ನಿನ್ನ ಗಂಟ್ಲೇ ಜೋರು. ನೋಡು, ನಮ್ಮ ಮಧುಗಿರಿ ಬೆಟ್ಟದಷ್ಟಿದೆ."

ಒಂದೊಂದೇ ಬೆಟ್ಟ ಕಡ್ದು ಹಾಕಿದ್ಲು. ನಂಗೂ ಕತ್ತರ್ಸೋದು ಹೇಳ್ಕೊಟ್ಲು. ಬೆರಳಿಟ್ಟು ಸರ್ಸು, ಕತ್ರಿ ಗುರ್ತು ಒತ್ತು, ಹೋಯ್ತು. ನನ್ನ ಹೂಂನ ನಾನೇ ಕಿತ್ತೆಸೆಯೋದು ಭಾಳ ಮಜ ಇತ್ತು. ಎಲ್ಲ ಆದ್ಮೇಲೆ "ಅಜ್ಜಿ, ಕೆಳಗೆ ಹೆಸರು ಬರ್ಬೇಕು. ನೀನೇ ಟೈಪ್ ಮಾಡು, ನಾನು ತಲೆ ಸ್ನಾನ ಮಾಡ್ಕೊಂಡು ಬರ್ತೀನಿ" ಅಂದು ಕೀಲಿಮಣೆ ತೆಗ್ದು ಕೈಗೆ ಕೊಟ್ಲು. ನಾನು ಫೋನಲ್ಲಿ ಮೊದ್ಲು ಬರ್ದ ಅಕ್ಷರ ಅವು: ಅಂಜಿನಮ್ಮ, ನೀರಗಂಟಿ.

ಅಷ್ಟು ಬರ್ಯೋಕೆ ಅವ್ಳ ತಲೆ ಸ್ನಾನ ಆಗಿ, ಕೂದ್ಲು ಒಣಗಿ, ಜಡೆ ಹಾಕ್ಕಳೋಷ್ಟು ಹೊತ್ತು ಹಿಡೀತು. ಒಂದಕ್ಷರ ಹುಡುಕೋದ್ರೊಳ್ಗೆ ನನ್ನ ಹೆಬ್ಬೆಟ್ಟು ತಾಗಿ ವಿಡಿಯೊ ತಾನೇ ಓಡೋದು. ಅದೇ ಜಾಗ ಮತ್ತೆ ಮತ್ತೆ. ಮೊದ್ಲು ನಾನು ಗಮನ ಕೊಡ್ಲಿಲ್ಲ. ಆಮೇಲೆ ಕೈ ನಿಂತೋಯ್ತು.

"ನಿಮ್ಮ ಬೀದಿಗೇ ನೀರು ಬಿಟ್ಟಿದ್ದು ನಿಜನಾ?"

"ನಿಜ ಕಣಮ್ಮ, ಬುಟ್ಟೆ. ಅವ್ರ ಮನೇಲಿ ಚಪ್ಪರ ಅಂತ ಗೊತ್ತಿದ್ದೂ ಬುಟ್ಟೆ."

ಅದಾದ್ಮೇಲೆ ನೇರ, "ತೆಗೀತೀನಿ ಅಂದ್ರೆ ತೆಗೀಲಿ. ನಂಗೇನು ಭಯ?"

ಪೈಪು ಎಲ್ಲಿ? ಮೋರಿ ಎಲ್ಲಿ? ಅರಿಶಿಣದ ಹುಡ್ಗಿ ಎಲ್ಲಿ?

"ಸಿಂಚನಾ! ಬಾರೇ ಇಲ್ಲಿ! ಒಡ್ದ ಪೈಪು ಎಲ್ಲಿ ಹೋಯ್ತು?"

ಜಡೆ ಹಿಡ್ಕಂಡೇ ಬಂದ್ಲು. "ಅದು ಕಟ್ ಆಯ್ತು ಅಜ್ಜಿ. ಉತ್ತರ ಚಿಕ್ಕದಾಗಿದ್ರೆ ಒಳ್ಳೇದು ಅಂತ ಮೇಡಂ ಹೇಳಿದಾರೆ. ಈಗ ನೋಡು, ಎಷ್ಟು ಸ್ಟ್ರಾಂಗ್ ಆಗಿದೆ. ಕ್ಲಾಸಲ್ಲಿ ಎಲ್ರೂ ಬಾಯಿ ಬಿಟ್ಕೊಂಡು ನೋಡ್ತಾರೆ."

"ಎಲ್ರೂ ನೋಡ್ತಾರೆ. ಸೋಮವಾರ ತಿಪ್ಪೇಸ್ವಾಮೀನೂ ನೋಡ್ತಾನೆ. ನೋಡ್ದೇಟ್ಗೆ ಕೆಲ್ಸ ಕಿತ್ಕಂತಾನೆ. ಅವ್ಳ ಬಾಯಿಂದ್ಲೇ ತಪ್ಪು ಒಪ್ಪಿಸ್ದಂಗಾಯ್ತಲ್ಲೇ!"

"ನಾನೇನ್ ಮಾಡ್ಲಿ? ಆ ಜಾಗದಲ್ಲಿ ಪೂರ್ತಿ ನಿನ್ನ ಗಂಟ್ಲೇ ಇದೆ. ಕೇಳು ಬೇಕಾದ್ರೆ" ಅಂತ ಕತ್ತರ್ಸದೇ ಇರೋದನ್ನ ಹಾಕಿದ್ಲು. ನಿಜ. "ಅಯ್ಯೋ ನಮ್ಮವ್ವಾ! ಮೋರಿ ನೀರಾ! ಹೂಂ, ಹೂಂ! ಅವ್ನ ಬಾಯಿಗೆ ಮಣ್ಣಾಕ! ಹೂಂ!" ಅಂತ ನಾನು ಕೋಳಿ ಕಳ್ಳನ್ನ ಹಿಡ್ದಂಗೆ ಕೂಗ್ತಾ ಇದೀನಿ. ಅಡೀಲಿ ಎಲ್ಲೋ ಅಂಜಿನಮ್ಮ ಸೊಳ್ಳೆ ಥರ ಗುಂಯ್ ಅಂತಾವ್ಳೆ. ಸಿಟ್ಟಿನ ಮಧ್ಯೂ ನಂಗೆ ನಗು ಬಂತು. ಅವ್ಳೂ ನಕ್ಕುಬುಟ್ಲು.

ನಗು ನಿಂತ್ಮೇಲೆ ಸಿಂಚನ ಆ ವಿಡಿಯೊನ ಇನ್ನೊಂದ್ಸಲ ಮೊದ್ಲಿಂದ ನೋಡಿದ್ಲು, ಈ ಸಲ ತಿಪ್ಪೇಸ್ವಾಮಿ ಕಣ್ಣಲ್ಲಿ ನೋಡಿದ್ಲೇನೋ. ಫೋನು ಕೆಳಗಿಟ್ಲು. ಆಮೇಲೆ ಅವ್ಳೇ ಕೇಳಿದ್ಲು, "ಅಜ್ಜಿ, ಸೋಮವಾರ ಬೆಳಿಗ್ಗೆ ಪಾವಗಡಕ್ಕೆ ಮೊದಲನೇ ಬಸ್ ಯಾವಾಗ?" ಮಂಗಳವಾರ ಕಾಲೇಜಿಗೆ ಕೊಡ್ಬೇಕಾಗಿತ್ತು. ಇದ್ದದ್ದನ್ನೇ ಕೊಟ್ಟು ಕೈ ತೊಳ್ಕಬೋದಿತ್ತು ಅವ್ಳು. ಆ ಒಂದು ಪ್ರಶ್ನೆಗೆ ಅವ್ಳಿಗೆ ನಾನು ಇವತ್ತಿಗೂ ದಿನಾ ಒಂದು ರೊಟ್ಟಿ ಜಾಸ್ತಿ ಹಾಕ್ತೀನಿ. ಬ್ಯಾಡ ಅಂದ್ರೂ ಬುಡಲ್ಲ.

ಸೋಮವಾರ ಅಂಜಿನಮ್ಮ ನಮ್ಮನ್ನ ನೋಡಿ "ಮತ್ತೆ ಹೇಳದಾ? ಒಂದ್ಸಲ ಹೇಳಿದ್ನಲ್ಲಮ್ಮಾ" ಅಂತ ರಾಗ ಎಳ್ದ್ಲು. ಸಿಂಚನ ಏನೂ ವಾದ ಮಾಡ್ಲಿಲ್ಲ, ಕತ್ತರ್ಸಿದ ವಿಡಿಯೊ ಅವ್ಳ ಮುಂದೆ ಹಿಡಿದ್ಲು. ಅಂಜಿನಮ್ಮ ಬಗ್ಗಿ ಬಗ್ಗಿ ನೋಡಿದ್ಲು. ಪೂರ್ತಿ ಆದ್ಮೇಲೆ ಕೇಳಿದ್ಲು:

"ಯಾರಮ್ಮಾ ಇವ್ಳು? ಒಳ್ಳೆ ಜಗಳಗಂಟಿ ಇದ್ದಂಗವ್ಳೆ."

"ನೀವೇ ಆಂಟಿ."

"ನಾನಾ? ಇಂಗಂದ್ನಾ ನಾನು?"

"ಅಂದ್ರಿ. ಆದ್ರೆ ಅದರ ಮುಂದೆ ಹೇಳಿದ್ದನ್ನ ನಾನು ತೆಗ್ದುಬಿಟ್ಟೆ. ಅದಕ್ಕೇ ಬಂದೆ."

ಅಂಜಿನಮ್ಮ ಒಳಗೆ ಹೋಗಿ ಕುಂಕುಮ ಸರಿ ಮಾಡ್ಕಂಡು ಬಂದು ಗೋಡೆಗೆ ಒರಗಿ ಕುಂತ್ಲು. "ಸರಿ, ಕೇಳಮ್ಮ. ಆದ್ರೆ ಗಂಗಕ್ಕ ಹೂಂ ಅನ್ಬೇಕು. ಇಲ್ದಿದ್ರೆ ನಂಗಾಗಲ್ಲ."

ಈಗ ಹೆಂಗೆ? ನಾನು ಹೂಂ ಅಂದ್ರೆ ಕೆಡ್ತದೆ, ಅನ್ದಿದ್ರೆ ಅವ್ಳು ನಿಂತೋಯ್ತಾಳೆ. ನನ್ನ ಬಾಯಿ ಮೇಲೆ ನಂಗೇ ನಂಬ್ಕೆ ಇರ್ಲಿಲ್ಲ. ಎಲೆ ಅಡಿಕೆ ಚೀಲ ತೆಗ್ದು, ಮೂರು ಎಲೆ ಒಟ್ಟಿಗೆ ಮಡಚಿ ಬಾಯಿಗೆ ತುರುಕ್ಕಂಡೆ. ಕೆನ್ನೆ ಉಬ್ಬಿ ಕುಂಬ್ಳಕಾಯಿ ಆಯ್ತು. ಉಗಿಯೋ ಹಂಗೂ ಇಲ್ಲ, ನುಂಗೋ ಹಂಗೂ ಇಲ್ಲ. ಆಮೇಲೆ ಅವ್ಳ ಪಕ್ಕ, ಕ್ಯಾಮೆರಾಗೆ ಕಾಣ್ದಂಗೆ ನೆಲಕ್ಕೆ ಕುಂತು ಅವ್ಳ ಎಡಗೈ ಹಿಡ್ಕಂಡೆ. ಫೋನಿಗೆ ಕಾಣೋದು ಅವ್ಳ ಎದೆ ಮಟ್ಟ. ಕೆಳಗೆ ನಮ್ಮಿಬ್ರ ಕೈ.

ಅವ್ಳು ಒಂದು ಮಾತು ಹೇಳಿದ್ರೆ ಒಂದ್ಸಲ ಅದುಮ್ತಿದ್ದೆ. ಅದೇ ಹೂಂ. ಅಯ್ಯೋ ಪಾಪ ಅನ್ನೋ ಜಾಗದಲ್ಲಿ ಎರಡ್ಸಲ. ಆ ಕೈ ಹೆಂಗಿತ್ತು ಅಂದ್ರೆ, ವಾಲ್ ರಾಡು ತಿರುಗ್ಸಿ ತಿರುಗ್ಸಿ ಅಂಗೈ ಒಣಗಿದ ಹುಣಸೆ ತೊಗಟೆ ಆಗಿತ್ತು. ಪೈಪು ಒಡ್ದ ಜಾಗಕ್ಕೆ ಬಂದಾಗ ಆ ಕೈಯೇ ತಿರುಗಿ ನನ್ನ ಕೈನ ಗಟ್ಟಿ ಹಿಡ್ಕಂತು. ಮೋರಿ, ಮದ್ವೆ ಮನೆ ಹಂಡೆ, ಅರಿಶಿಣ ಹಚ್ಕಂಡ ಹುಡ್ಗಿ, ಒಂದೂ ಬುಡ್ದೆ ಹೇಳಿದ್ಲು. ಎಲೆ ರಸ ಗಂಟ್ಲಿಗೆ ಇಳ್ದು ನನ್ನ ಕಣ್ಣಲ್ಲಿ ನೀರು ಬತ್ತಿತ್ತು. ಎಲೆ ರಸಕ್ಕೇ ಅಂತ ಇಟ್ಕಳಿ.

ಮುಗ್ದ್ಮೇಲೆ ನಾನು ಓಡಿ ಹೋಗಿ ಉಗ್ದು ಬಂದ್ರೆ, ಸಿಂಚನ ಕೇಳ್ತಾ ಇದ್ಲು. "ಆಂಟಿ, ಆ ಒಡೆದ ಪೈಪಿನ ತುಂಡು ಏನಾಯ್ತು?"

"ಇಲ್ಲೇ ಐತಲ್ಲ, ಕೋಳಿ ಗೂಡಿನ ಬಾಗ್ಲಿಗೆ ಅಡ್ಡ ಕೊಟ್ಟಿವ್ನಿ."

ಹಿತ್ಲಿಗೆ ಹೋಗಿ ನೋಡಿದ್ರೆ ಅಲ್ಲೇ ಐತೆ. ಉದ್ದಕ್ಕೆ ಸೀಳಿರೋ ಪೈಪು, ಒಳ್ಗೆಲ್ಲ ಮೋರಿ ಕಪ್ಪು ಒಣಗಿ ಅಂಟೈತೆ. ಸಿಂಚನ ಅದ್ನ ಹತ್ರದಿಂದ, ದೂರದಿಂದ, ಸೀಳ್ನಲ್ಲಿ ಬೆರಳು ತೂರ್ಸಿ, ಎಲ್ಲ ಥರ ತಕ್ಕಂಡ್ಲು. ಹೇಳಿದ್ದನ್ನ ತೋರ್ಸೋ ಚಿತ್ರ ಬೇಕು ಅಂತ ಮೇಡಂ ಅಂದಿದ್ರಲ್ಲ. ಆ ಮೇಡಂನ ನಾನು ನೋಡಿಲ್ಲ. ಎಲ್ಲಿದ್ರೂ ತಣ್ಣಗಿರ್ಲಿ. ಆಮೇಲೆ ಅವ್ರು ವಿಡಿಯೊ ನೋಡಿ ಒಳ್ಳೆ ಮಾರ್ಕೇ ಕೊಟ್ರು. ಒಂದೇ ಪ್ರಶ್ನೆ ಕೇಳಿದ್ರಂತೆ, "ಇವರು ಮಧ್ಯ ಮಧ್ಯ ಯಾಕೆ ಕೆಳಗೆ ನೋಡಿ ನಗ್ತಾರೆ?" ಅಂತ. ಸಿಂಚನ "ಅವ್ರು ಹಂಗೇ ಮೇಡಂ" ಅಂದು ತಪ್ಪಿಸ್ಕಂಡಿದ್ಲು.

ಜಗಲಿ ಮೇಲೇ ಕುಂತು ಸಿಂಚನ ಎಲ್ಲ ಜೋಡ್ಸಿದ್ಲು. ಸಂಜೆ ಮುಂದೆ ಸ್ಕೂಲ್ ಪಡಸಾಲೇಲಿ ಸಭೆ ಸೇರ್ತು. ಬೆಂಚಿನ ಮೇಲೆ ಗಂಡಸ್ರು, ಕಂಬಕ್ಕೆ ಒರಗಿ ಹೆಂಗಸ್ರು. ತಿಪ್ಪೇಸ್ವಾಮಿ ಎದ್ದು ನಿಂತು ಚಪ್ಪರದ ದಿನದ ಕಥೇನ ಟ್ರ್ಯಾಕ್ಟರ್ ಡೀಸೆಲ್ ಸಮೇತ ಹೇಳ್ದ. ಅವನ್ದೂ ಸುಳ್ಳಲ್ಲ, ಮಗಳ ಮದ್ವೇಲಿ ಬೀಗರ ಮುಂದೆ ತಲೆ ತಗ್ಗಿಸಿದ್ದ. ಮೆಂಬರ್ರು "ಏನಮ್ಮ ಅಂಜಿನಮ್ಮ, ನೀನೇನಂತೀಯಾ?" ಅಂದ್ರು. ಅಂಜಿನಮ್ಮ ಎದ್ದು ನಿಂತ್ಲು. ಬಾಯಿ ತೆರೆದ್ಲು. ಮಾತು ಬರ್ಲಿಲ್ಲ. ಸಿಂಚನ ಕಡೆ ಕೈ ತೋರ್ಸಿ ಕುಂತ್ಬುಟ್ಲು.

ಗುಡಿಯಿಂದ ತಂದಿಟ್ಟಿದ್ದ ಭಜನೆ ಮೈಕಿಗೆ ಫೋನ್ ಹಿಡಿದ್ವಿ. ಮೆಂಬರ್ರು, ತಿಪ್ಪೇಸ್ವಾಮಿ ಇಬ್ರೂ ಫೋನ್ ಮೇಲೆ ಬಗ್ಗಿ ನೋಡಿದ್ರು, ಉಳ್ದೋರೆಲ್ಲ ಕೇಳಿಸ್ಕಂಡ್ರು. ನಿಜ ಕಣಮ್ಮ ಬುಟ್ಟೆ ಅಂದಾಗ ತಿಪ್ಪೇಸ್ವಾಮಿ "ನೋಡಿ, ನೋಡಿ!" ಅಂತ ಎದ್ದ. "ಕುಂತ್ಕಳೋ, ಇನ್ನೂ ಐತೆ" ಅಂತ ಯಾರೋ ಅವ್ನ ಅಂಗಿ ಜಗ್ಗಿದ್ರು. ಪೈಪು ಬಂತು. ಸೀಳು ಬಂತು. ಅದ್ರೊಳ್ಗಿನ ಕಪ್ಪು ಬಂತು. "ಆ ಹುಡ್ಗಿ ಅರಿಶಿಣ ಹಚ್ಕಂಡು ಕುಂತೈತೆ" ಅನ್ನೋ ಮಾತು ಮೈಕಲ್ಲಿ ಇಡೀ ಸ್ಕೂಲಿಗೆ ಕೇಳ್ತು.

ತಿಪ್ಪೇಸ್ವಾಮಿ ದನಿ ಇಳ್ದಿತ್ತು. "ಇದ್ನ ಅವತ್ತೇ ಯಾಕೆ ಹೇಳ್ಲಿಲ್ಲ ನೀನು?"

ಅಂಜಿನಮ್ಮ ಕುಂತಲ್ಲೇ ತಲೆ ಎತ್ತಿದ್ಲು. ಈ ಸಲ ಯಾರ ಕೈಯೂ ಹಿಡ್ದಿರ್ಲಿಲ್ಲ. "ನೀನು ಅವತ್ತು ಕೇಳ್ದೆ ಏನಪ್ಪಾ? ಬರೀ ಬೈದೆ."

ಕಂಬದ ಹತ್ರ ನಿಂತಿದ್ದ ತಿಪ್ಪೇಸ್ವಾಮಿ ಹೆಂಡ್ತಿ ರತ್ನಮ್ಮ ಮುಂದಕ್ಕೆ ಬಂದ್ಲು. ಗಂಡನ ಮುಖ ನೋಡ್ಲಿಲ್ಲ, ಮೆಂಬರ್ರ ಮುಖಾನೂ ನೋಡ್ಲಿಲ್ಲ. "ಅಕ್ಕ, ಮದ್ವೆ ಊಟಕ್ಕೆ ಸಿಟ್ಟಿಗೆ ನಿಮ್ಮನ್ನ ಕರೀಲಿಲ್ಲ. ಮಗಳು ಅಳಿಯ ಬಂದವ್ರೆ, ಒಬ್ಬಟ್ಟು ಮಾಡೀನಿ. ಇವತ್ತು ನಮ್ಮನೇಲಿ ಉಣ್ಬೇಕು. ನೀವೂ ಗಂಗಕ್ಕ, ಹುಡ್ಗೀನೂ" ಅಂದ್ಲು. ಮೆಂಬರ್ರು "ಸರಿ ಬುಡಿ, ಒಬ್ಬಟ್ಟಿನ ಮೇಲೆ ತೀರ್ಮಾನ ಏನೈತೆ" ಅಂತ ಟವಲ್ ಕೊಡವ್ಕಂಡು ಎದ್ರು. ಕೆಲ್ಸದ ಮಾತು ಅಲ್ಲಿಗೆ ಮುಗೀತು.

ಅಂಜಿನಮ್ಮ ಒಂದೇ ಮಾತು ಹೇಳಿದ್ಲು, "ವಸ್ತಾನು ರತ್ನಮ್ಮ, ಬತ್ತೀನಿ. ನೀರು ಬುಡೋ ಹೊತ್ತಾಯ್ತು, ಬುಟ್ಬುಟ್ಟು ಬತ್ತೀನಿ." ರಾಡು ಹೆಗಲಿಗೆ ಹಾಕ್ಕಂಡು ಹೊರಟೇಬುಟ್ಲು.

ನಾವು ತಿಪ್ಪೇಸ್ವಾಮಿ ಮನೆ ನಡುಮನೇಲಿ ಸಾಲಾಗಿ ಕುಂತ್ವಿ. ಸಿಂಚನ ನನ್ನ ಪಕ್ಕ, ಅವ್ಳಾಚೆ ಹೊಸ ಮದುಮಗಳು. ಎಲೆ ಹಾಸಿದ್ರು, ಉಪ್ಪು ಬಡಿಸಿದ್ರು, ಒಬ್ಬಟ್ಟಿನ ಮೇಲೆ ತುಪ್ಪ ಬಿತ್ತು. ಒಂದೆಲೆ ಮಾತ್ರ ಖಾಲಿ. ರತ್ನಮ್ಮ "ಅವ್ರು ಬರ್ಲಿ" ಅಂದ್ಲು ಅಷ್ಟೆ, ಅಳಿಯನೂ ಸೇರಿ ಯಾರೂ ಎಲೆಗೆ ಕೈ ಹಾಕ್ಲಿಲ್ಲ. ನನ್ನ ಹೊಟ್ಟೆ ಚುರುಗುಡ್ತಿತ್ತು, ಎಲೆ ಅಡಿಕೆ ಬಿಟ್ರೆ ಬೆಳಿಗ್ಗೆಯಿಂದ ಏನೂ ಬಿದ್ದಿರ್ಲಿಲ್ಲ. ತಿಪ್ಪೇಸ್ವಾಮಿ ಒಬ್ಬಟ್ಟನ್ನೇ ನೋಡ್ದ, ಬಾಗ್ಲು ನೋಡ್ದ, ಮತ್ತೆ ಒಬ್ಬಟ್ಟು ನೋಡ್ದ. ಕೊನೆಗೆ ತಡೀಲಾರ್ದೆ "ನೀರು ಬುಡಕ್ಕೆ ಇಷ್ಟೊತ್ತಾ ಇವ್ಳಿಗೆ?" ಅಂದ.

ಅಷ್ಟರಲ್ಲಿ ಅಂಗಳದ ನಲ್ಲಿ ಬುಸ್ ಬುಸ್ ಅಂದು ತಿಪ್ಪೇಸ್ವಾಮಿ ಹಿತ್ತಾಳೆ ಕೊಳಗಕ್ಕೆ ಸುರಿಯಕ್ಕೆ ಶುರುವಾಯ್ತು.

"ಸುಮ್ಕೆ ಕುಂತ್ಕಳಿ" ಅಂದ್ಲು ರತ್ನಮ್ಮ. "ಇವತ್ತು ನಮ್ಮ ಬೀದಿಗೇ ಮೊದ್ಲು ಬುಟ್ಟವ್ಳೆ."